ಯಾತ್ರೆಯ ಪುಸ್ತಕ, ದಾರಿಯ ಊರಿನ ಓದುಗ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟವರು ಮರವಂತೆಯಲ್ಲಿ ಒಮ್ಮೆ ವಾಹನ ನಿಲ್ಲಿಸುತ್ತಾರೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿ ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋದವರು ಕಡಿಮೆ. ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ನಾವುಂದ ಬರುತ್ತದೆ. ಇಲ್ಲಿ ಯಾರೂ ಫೋಟೊ ತೆಗೆಯುವುದಿಲ್ಲ. ವಾಹನ ನಿಂತರೆ ಅದು ಚಹಾಕ್ಕೆ, ಇಲ್ಲವೆ ದಾರಿ ಕೇಳುವುದಕ್ಕೆ. ಕೇಳುವ ದಾರಿಯೂ ಬಹುಪಾಲು ಒಂದೇ: ಕೊಲ್ಲೂರಿಗೆ ಹೇಗೆ ಹೋಗಬೇಕು?

ಹೀಗೆ ಬೇರೆಯವರ ಯಾತ್ರೆಯ ದಾರಿಯಲ್ಲಿರುವ ಊರುಗಳು ನಮ್ಮ ನಾಡಿನಲ್ಲಿ ನೂರಾರಿವೆ. ಅಲ್ಲಿಯೂ ಪುಸ್ತಕ ಓದುವವರಿದ್ದಾರೆ. ಯಾತ್ರೆ ಮಾಡಿದವರು ಬರೆದ ಪುಸ್ತಕಗಳನ್ನು ಅವರೂ ಓದುತ್ತಾರೆ. ಓದಿ ಏನೆನ್ನುತ್ತಾರೆ ಎಂಬುದು ಈ ಲೇಖನದ ವಿಷಯ. ಯಾತ್ರಾ ಪುಸ್ತಕಗಳ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಿಲ್ಲವೆಂದಲ್ಲ. ಆದರೆ ಆ ಚರ್ಚೆ ಹೆಚ್ಚಾಗಿ ಬರೆದವರ ಸುತ್ತ ನಡೆದಿದೆ. ಓದಿದವರ ಕಡೆಗೆ ತಿರುಗಿದ್ದು ಅಪರೂಪ.

ನನಗೆ ತಿಳಿದ ಮೊದಲ ಓದುಗರು ನನ್ನ ಅಜ್ಜಿ. ಓದುಗರು ಎನ್ನುವುದಕ್ಕಿಂತ ಕೇಳುಗರು ಎನ್ನಬೇಕು. ಕಣ್ಣಿಗೆ ಪೊರೆ ಬಂದಿದ್ದರಿಂದ ಸಂಜೆ ಹೊತ್ತು ದೀಪ ಹಚ್ಚಿದ ಮೇಲೆ ನಾವು ಮೊಮ್ಮಕ್ಕಳು ಅವರಿಗೆ ಓದಿ ಹೇಳಬೇಕಿತ್ತು. ಮನೆಯಲ್ಲಿದ್ದ ಕೆಲವೇ ಪುಸ್ತಕಗಳಲ್ಲಿ ಕಾಶಿಯಾತ್ರೆಯದೊಂದು. ಲೇಖಕರು ಗಂಗೆಯ ದಡದಲ್ಲಿ ಕುಳಿತು ಜನ್ಮ ಸಾರ್ಥಕವಾಯಿತೆಂದು ಕಣ್ಣೀರು ಸುರಿಸುವ ಪುಟವನ್ನು ನಾನು ಭಕ್ತಿಯಿಂದ ಓದುತ್ತಿದ್ದರೆ ಅಜ್ಜಿ ನಡುವೆ ತಡೆಯುತ್ತಿದ್ದರು: "ಅದೆಲ್ಲ ಸೈ. ಊಟ ಎಲ್ ಮಾಡ್ರಂಬ್ರ್?" ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಮುಂದೆ ಪತ್ರಿಕೋದ್ಯಮದ ಡಿಪ್ಲೊಮಾ ಓದುವಾಗ, ವರದಿಯೆಂದರೆ ಯಾರು, ಏನು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದ ದಿನ ಅಜ್ಜಿಯ ಪ್ರಶ್ನೆ ನೆನಪಾಯಿತು.

ಹಳೆಯ ಕ್ರಮದಲ್ಲಿ ಇಂಥ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ನಮ್ಮ ಕ್ಷೇತ್ರಗಳಿಗೆಲ್ಲ ಒಂದೊಂದು ಮಹಾತ್ಮೆ ಇದೆ. ಅನೇಕವು ಸ್ಕಾಂದ ಪುರಾಣದ ಭಾಗವೆಂದು ಹೇಳಿಕೊಳ್ಳುತ್ತವೆ. ಅವುಗಳ ಕೊನೆಯಲ್ಲಿ ಬರುವುದು ಫಲಶ್ರುತಿ. ಈ ಕ್ಷೇತ್ರಕ್ಕೆ ಹೋದವರಿಗೆ ಇಂಥ ಫಲ. ಹೋಗಲಾರದವರು ಭಕ್ತಿಯಿಂದ ಈ ಕಥೆಯನ್ನು ಓದಿದರೂ ಕೇಳಿದರೂ ಫಲವುಂಟು ಎಂಬ ಭರವಸೆ ಅದು. ಇದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ರೈಲಿಲ್ಲದ ಕಾಲದಲ್ಲಿ ಕಾಶಿಯೆಂದರೆ ತಿಂಗಳುಗಟ್ಟಲೆ ನಡಿಗೆ. ಕಾಶಿಗೆ ಹೋದವನೂ ಕಾಡಿಗೆ ಹೋದವನೂ ಸಮ ಎಂಬ ಮಾತು ಹುಟ್ಟಿದ್ದೇ ಆಗ. ಮದುವೆಯಲ್ಲಿ ಮದುಮಗ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟರೆ ಹುಡುಗಿಯ ಕಡೆಯವರು ಹತ್ತು ಹೆಜ್ಜೆಯೊಳಗೆ ತಡೆದು ವಾಪಸು ಕರೆತರುತ್ತಾರಲ್ಲ, ನಮ್ಮವರಲ್ಲಿ ಹೆಚ್ಚಿನವರ ಕಾಶಿಯಾತ್ರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಹೆಂಗಸರಿಗಂತೂ ಆ ಹತ್ತು ಹೆಜ್ಜೆಯೂ ಇರಲಿಲ್ಲ. ಅಂಥವರಿಗೆ ಓದಿಯೇ ಹೋಗಿಬಂದ ಪುಣ್ಯ ಸಿಗುತ್ತದೆಂದು ಹೇಳಿದ ಪುಸ್ತಕವನ್ನು ಅವರು ಪ್ರಶ್ನಿಸಲಿಲ್ಲ. ಪ್ರಶ್ನಿಸಿದರೆ ಪುಣ್ಯಕ್ಕೇ ಮೋಸ.

ಪ್ರಶ್ನೆ ಶುರುವಾದದ್ದು ಯಾತ್ರೆಯನ್ನು ದೇವರ ಕಥೆಯಾಗಿ ಅಲ್ಲ, ನಡೆದವನ ಕಥೆಯಾಗಿ ಬರೆಯತೊಡಗಿದ ಮೇಲೆ. ದಕ್ಷಿಣ ಭಾರತದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ತೆಲುಗಿನ 'ಕಾಶೀಯಾತ್ರಾ ಚರಿತ್ರ'. ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ 18ರಂದು ದೊಡ್ಡ ಪರಿವಾರದೊಂದಿಗೆ ಹೊರಟು 1831ರ ಸೆಪ್ಟೆಂಬರಿನಲ್ಲಿ ಮರಳಿದರು. ತಿರುಪತಿ, ಹೈದರಾಬಾದು, ನಾಗಪುರ, ಪ್ರಯಾಗ, ಕಾಶಿ, ಗಯೆ, ಕಲಕತ್ತೆ ಎಲ್ಲವೂ ಆ ಯಾತ್ರೆಯಲ್ಲಿವೆ. ದೇವಸ್ಥಾನಗಳ ವರ್ಣನೆಗಿಂತ ಅದರಲ್ಲಿ ಗಮನ ಸೆಳೆಯುವುದು ಬೇರೆಯೇ. ಯಾವ ಊರಿನಲ್ಲಿ ಇಳಿದುಕೊಳ್ಳಲು ಜಾಗವಿದೆ, ಎಲ್ಲಿ ದಿನಸಿ ಸಿಗುತ್ತದೆ, ಯಾವ ಹೊಳೆ ದಾಟುವುದು ಹೇಗೆ ಎಂಬುದನ್ನೆಲ್ಲ ಅವರು ಮಜಲು ಮಜಲಿಗೆ ಬರೆದಿಡುತ್ತಾರೆ. ನನ್ನ ಅಜ್ಜಿಗೆ ಬೇಕಾಗಿದ್ದದ್ದು ಈ ಪುಸ್ತಕ.

ವೀರಾಸ್ವಾಮಿ ಹೀಗೆ ಬರೆದದ್ದಕ್ಕೆ ಒಂದು ಕಾರಣ ಓದುಗ. ಕೋಮಲೇಶ್ವರಪುರಂ ಶ್ರೀನಿವಾಸ ಪಿಳ್ಳೆ ಎಂಬ ಗೆಳೆಯರು ದಾರಿಯಲ್ಲಿ ಕಂಡದ್ದನ್ನೆಲ್ಲ ಬರೆಯಬೇಕೆಂದು ಕೇಳಿಕೊಂಡಿದ್ದರು. ವೀರಾಸ್ವಾಮಿ 1836ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 1838ರಲ್ಲಿ, ಆ ಬರಹವನ್ನು ಅಚ್ಚು ಹಾಕಿಸಿದವರೂ ಪಿಳ್ಳೆಯವರೇ. ಒಬ್ಬ ಓದುಗ ಒತ್ತಾಯಿಸದೆ ಇದ್ದಿದ್ದರೆ ಆ ಪುಸ್ತಕ ಬಹುಶಃ ನಮಗೆ ಸಿಗುತ್ತಿರಲಿಲ್ಲ.

ಓದುಗ ಕೈಕೊಟ್ಟ ಉದಾಹರಣೆಯೂ ಇದೆ. ಅದು ನಮ್ಮ ಕುಂದಾಪುರದ ಪಕ್ಕದ ಬಸ್ರೂರಿಗೆ ಸಂಬಂಧಪಟ್ಟದ್ದು. 1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನವನು ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ಕೆಳದಿ ಅರಸರ ಇಕ್ಕೇರಿಗೆ ಬಂದ. ಅಲ್ಲಿಂದ ಘಟ್ಟ ಇಳಿದು ಬಸ್ರೂರಿಗೆ, ಮುಂದೆ ಮಂಗಳೂರಿಗೆ ಹೋದ. ಪ್ರೇಮದಲ್ಲಿ ಸೋತು, ಪವಿತ್ರ ಭೂಮಿಯ ಯಾತ್ರೆಗೆಂದು 1614ರಲ್ಲಿ ವೆನಿಸಿನಿಂದ ಹೊರಟವನು ತನ್ನನ್ನು 'ಯಾತ್ರಿಕ' ಎಂದೇ ಕರೆದುಕೊಳ್ಳುತ್ತಿದ್ದ. ದಾರಿಯಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬವಳನ್ನು ಮದುವೆಯಾದ. 1621ರಲ್ಲಿ ಆಕೆ ಪರ್ಷಿಯಾದಲ್ಲಿ ತೀರಿಕೊಂಡಳು. ಅವಳ ಶವವನ್ನು ಕೆಡದಂತೆ ಕಾಪಾಡಿ, ಐದು ವರ್ಷಕ್ಕೂ ಹೆಚ್ಚು ಕಾಲ ದೇಶದಿಂದ ದೇಶಕ್ಕೆ ಸಾಗಿಸಿ, 1627ರಲ್ಲಿ ರೋಮಿನ ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. ಕಾದಂಬರಿಕಾರ ಹೀಗೆ ಬರೆದರೆ ಅತಿಯಾಯಿತು ಎನ್ನುತ್ತೇವೆ.

ಪಿಯೆತ್ರೊ ಬರೆದದ್ದೆಲ್ಲ ನೇಪಲ್ಸಿನ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ಮಿತ್ರನಿಗೆ ಕಳಿಸಿದ ಪತ್ರಗಳು. ಆತ ಅವನ್ನೆಲ್ಲ ಸೇರಿಸಿ ಗ್ರಂಥ ರಚಿಸಬೇಕೆಂದು ಒಪ್ಪಂದವಾಗಿತ್ತು. ಸ್ಕಿಪಾನೊ ಪತ್ರಗಳನ್ನು ಪಡೆದ, ಗ್ರಂಥ ಬರೆಯಲಿಲ್ಲ. ಕಡೆಗೆ 1650ರಲ್ಲಿ ಮೊದಲ ಭಾಗವನ್ನು ಪಿಯೆತ್ರೊನೇ ಹೊರತಂದ. ಎರಡು ವರ್ಷದಲ್ಲಿ ಅವನೂ ತೀರಿಕೊಂಡ. ನಮ್ಮ ನಾಡಿನ ಕಥೆಯಿರುವ ಭಾರತದ ಭಾಗ ಬೆಳಕು ಕಂಡದ್ದು 1663ರಲ್ಲಿ, ಅವನು ಇಲ್ಲಿಂದ ಹೋಗಿ ನಲವತ್ತು ವರ್ಷದ ಮೇಲೆ.

ಈ ಪುಸ್ತಕವನ್ನು ಕನ್ನಡದವರು ಓದುವುದಕ್ಕೂ ರೋಮಿನವರು ಓದುವುದಕ್ಕೂ ವ್ಯತ್ಯಾಸವಿದೆ. ಗೇರುಸೊಪ್ಪೆಯಿಂದ ಘಟ್ಟ ಹತ್ತುವಾಗ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ಮರಳು ಹರಡಿಕೊಂಡು, ಬೆರಳಿನಿಂದ ಅಂಕಿ ಬರೆಯುತ್ತ, ಒಟ್ಟಾಗಿ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ಕಾಣುತ್ತಾನೆ. ಅವನಿಗೆ ಅದು ಸೋಜಿಗ. ಮರಳಿನ ಮೇಲೆ ಅಕ್ಷರ ತಿದ್ದಿದ ಹಿರಿಯರ ಬಾಯಿಂದ ಆ ಕಥೆ ಕೇಳಿ ಬೆಳೆದ ನಮಗೆ ಅದು ಮನೆಯ ಸುದ್ದಿ. ಕೊಲ್ಲೂರಿನಲ್ಲಿ ಇಂದಿಗೂ ವಿಜಯದಶಮಿಯ ದಿನ ಅಪ್ಪಂದಿರು ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ.

ಇಕ್ಕೇರಿಯ ಇನ್ನೊಂದು ಪ್ರಸಂಗ ಅಷ್ಟು ಹಗುರವಾಗಿ ಓದಿಸಿಕೊಳ್ಳುವುದಿಲ್ಲ. ಗಂಡ ಸತ್ತ ತೆಲುಗು ಹೆಂಗಸೊಬ್ಬಳು ಸಹಗಮನಕ್ಕೆ ಸಿದ್ಧಳಾಗಿದ್ದಾಳೆಂದು ಕೇಳಿ ಪಿಯೆತ್ರೊ ಅವಳ ಮನೆಗೆ ಹೋಗುತ್ತಾನೆ. ದುಭಾಷಿಯ ಮೂಲಕ ಮಾತನಾಡುತ್ತಾನೆ. ಮಕ್ಕಳ ಗತಿಯೇನೆಂದು ಕೇಳುತ್ತಾನೆ. ಬೇಡವೆಂದು ಹೇಳಿ ನೋಡುತ್ತಾನೆ. ಅವಳು ಒಪ್ಪುವುದಿಲ್ಲ. ನಿನ್ನ ಹೆಸರು ನನ್ನ ನಾಡಿನಲ್ಲಿ ಅಳಿಯದಂತೆ ಮಾಡುತ್ತೇನೆಂದು ಮಾತು ಕೊಟ್ಟು ಹೊರಡುತ್ತಾನೆ. ಅವಳ ಮೇಲೆ ಪದ್ಯಗಳನ್ನೂ ಬರೆಯುತ್ತಾನೆ. ಪುಸ್ತಕದಲ್ಲಿ ಅವಳ ಹೆಸರು 'ಜಾಕ್ಕಮಾ' ಎಂದಿದೆ. ಇಟಲಿಯ ಓದುಗನಿಗೆ ಅದು ಬರಿಯ ವಿಚಿತ್ರ ಸದ್ದು. ಜಕ್ಕಮ್ಮ ಎಂದಿರಬೇಕೆಂದು ತಿಳಿಯಲು ಈ ಕಡೆಯ ಓದುಗನೇ ಬೇಕು. ಹೆಸರು ಸರಿಯಾದ ಕೂಡಲೇ ಪ್ರಸಂಗದ ಬಣ್ಣವೂ ಬದಲಾಗುತ್ತದೆ. ಅವಳು ನೆರೆಮನೆಯವಳಾಗುತ್ತಾಳೆ, ಹೆಸರು ಉಳಿಸುತ್ತೇನೆಂದವನ ಮೇಲೆ ಗೌರವದ ಜೊತೆ ಒಂದು ಬೇಸರವೂ ಹುಟ್ಟುತ್ತದೆ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಅವಳ ಕಡೆಯವರು ಯಾರಾದರೂ ಬರೆದಿದ್ದರೆ ಆ ದಿನದ ಕಥೆ ಹೇಗಿರುತ್ತಿತ್ತೋ.

ದಾರಿಯ ಊರಿನ ಓದುಗ ಹೀಗೆ ತಿದ್ದುತ್ತಾನೆ. ಆದರೆ ಎಂದೂ ದಾರಿ ಕಾಣದ, ಮನೆಯಲ್ಲೇ ಕುಳಿತ ಓದುಗ ಏನು ಮಾಡಬೇಕು? ಅವನಿಗಿರುವುದು ನಂಬಿಕೆ, ಇಲ್ಲವೆ ಅನುಮಾನ. ಈ ಬಗ್ಗೆ ಬಹಳ ಹಳೆಯ ದಾಖಲೆಯೊಂದಿದೆ. ಅದರ ನಾಯಕನೂ ನಮ್ಮ ಕರಾವಳಿಯಲ್ಲಿ ಹಾದುಹೋದವನೇ.

ಇಬ್ನ್ ಬತೂತ 1325ರಲ್ಲಿ ಮೊರಾಕ್ಕೊದ ಟ್ಯಾಂಜಿಯರಿನಿಂದ ಹೊರಟದ್ದು ಹಜ್ ಯಾತ್ರೆಗೆ. ಮೆಕ್ಕಾ ಮುಟ್ಟಿದ ಮೇಲೂ ಕಾಲು ನಿಲ್ಲಲಿಲ್ಲ. ಸುಮಾರು 30 ವರ್ಷ ಸುತ್ತಿದ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ಬಳಿ ನ್ಯಾಯಾಧೀಶನಾಗಿದ್ದು, ಅವನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, 1340ರ ದಶಕದಲ್ಲಿ ಪಶ್ಚಿಮ ಕರಾವಳಿಗೆ ಬಂದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದ. ಅವನು 'ಅಬೂಸರೂರ್' ಎಂದದ್ದು ಬಸ್ರೂರು, 'ಫಾಕನೂರ್' ಎಂದದ್ದು ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೊನ್ನಾವರದಿಂದ ಬಸ್ರೂರಿಗೆ ಹಡಗಿನಲ್ಲಿ ಬಂದವನು ನಾವುಂದದ ಎದುರಿನ ಕಡಲಿನಲ್ಲಿ ಹಾದಿರಲೇಬೇಕು. ಗೋವೆಯಿಂದ ಕೊಲ್ಲಂವರೆಗಿನ ನೆಲದ ದಾರಿಯ ಬಗ್ಗೆಯೂ ಅವನು ಬರೆದಿದ್ದಾನೆ: ಉದ್ದಕ್ಕೂ ಮರಗಳ ನೆರಳು, ಅರ್ಧರ್ಧ ಮೈಲಿಗೊಂದು ಮರದ ಕಟ್ಟೋಣ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಹಿಂದೂಗಳಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ ನೀರನ್ನು ಮುಸ್ಲಿಮರಿಗೆ ಬೊಗಸೆಗೆ ಸುರಿಯುತ್ತಿದ್ದರೆಂಬುದನ್ನೂ ಅವನು ಬಿಟ್ಟಿಲ್ಲ. ನಮ್ಮ ಅರವಟ್ಟಿಗೆಯ ಹೆಮ್ಮೆಯ ಜೊತೆಯಲ್ಲೇ ನಮ್ಮ ಭೇದಭಾವವೂ ಅದೇ ವಾಕ್ಯದಲ್ಲಿದೆ. ಸಭೆಗಳಲ್ಲಿ ಇದನ್ನು ಉಲ್ಲೇಖಿಸುವವರು ಮೊದಲರ್ಧ ಓದಿ ನಿಲ್ಲಿಸುತ್ತಾರೆ.

ಊರಿಗೆ ಮರಳಿದ ಇಬ್ನ್ ಬತೂತ ಹೇಳಿದ್ದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದುಕೊಂಡು 1355ರಲ್ಲಿ ಪೂರ್ತಿಗೊಳಿಸಿದ. ಆದರೆ ದೆಹಲಿಯ ಸುಲ್ತಾನ ಆನೆಯ ಮೇಲಿನಿಂದ ಯಂತ್ರಗಳ ಮೂಲಕ ಜನರ ಮೇಲೆ ಹಣ ಎಸೆಸುತ್ತಿದ್ದನೆಂದರೆ ಮೊರಾಕ್ಕೊದ ಆಸ್ಥಾನದಲ್ಲಿ ಯಾರು ನಂಬಿಯಾರು? ಇವನು ಸುಳ್ಳುಗಾರನೆಂದು ಪಿಸುಗುಟ್ಟಿದರು. ಇತಿಹಾಸಕಾರ ಇಬ್ನ್ ಖಲ್ದೂನನಿಗೂ ಅದೇ ಅನುಮಾನ. ಅದನ್ನು ಅವನು ವಜೀರನ ಬಳಿ ಹೇಳಿದಾಗ ವಜೀರ ಒಂದು ಕಥೆ ಹೇಳಿದನಂತೆ. ಒಬ್ಬ ಮಂತ್ರಿಯನ್ನು ರಾಜ ಸೆರೆಯಲ್ಲಿಟ್ಟ. ಮಂತ್ರಿಯ ಮಗ ಸೆರೆಮನೆಯಲ್ಲೇ ಬೆಳೆದ. ಊಟಕ್ಕೆ ಬರುವ ಮಾಂಸ ಯಾವುದರದೆಂದು ಹುಡುಗ ಕೇಳಿದ. ಕುರಿಯದೆಂದು ತಂದೆ ಹೇಳಿ, ಕುರಿ ಹೇಗಿರುತ್ತದೆಂದು ವಿವರಿಸಿದ. "ಹಾಗಾದರೆ ಇಲಿಯ ಹಾಗೆಯೇ?" ಎಂದು ಹುಡುಗ ಕೇಳಿದ. ಸೆರೆಮನೆಯಲ್ಲಿ ಅವನು ಕಂಡ ಪ್ರಾಣಿಯೆಂದರೆ ಇಲಿ ಮಾತ್ರ. ತಾನು ಕಾಣದ್ದನ್ನು ಸುಳ್ಳೆನ್ನಬಾರದು ಎಂಬುದು ವಜೀರನ ಅಭಿಪ್ರಾಯ. ಇಬ್ನ್ ಖಲ್ದೂನ್ ಇದನ್ನು ತನ್ನ ಪ್ರಸಿದ್ಧ 'ಮುಖದ್ದಿಮಾ'ದಲ್ಲಿ ದಾಖಲಿಸಿದ್ದಾನೆ. ಪ್ರವಾಸದ ಪುಸ್ತಕವೊಂದನ್ನು ಜನ ಹೇಗೆ ಸ್ವೀಕರಿಸಿದರೆಂಬುದಕ್ಕೆ ಇಷ್ಟು ಸ್ವಾರಸ್ಯವಾದ ಸಾಕ್ಷ್ಯ ಬೇರೆ ಸಿಗುವುದು ಕಷ್ಟ.

ಹೋಗಲಾರದವರಿಗೆ ಮೂರನೆಯ ದಾರಿಯೂ ಇದೆ: ನಮ್ಮದೂ ಬರೆಯಿರಿ ಎಂದು ಕೇಳುವುದು. ಇಂಗ್ಲೆಂಡಿನ ಜಾನ್ ಬನ್ಯನ್ 1678ರಲ್ಲಿ ಬರೆದ ಯಾತ್ರಿಕನ ಕಥೆಯಲ್ಲಿ ನಾಯಕ ಹೆಂಡತಿ ಮಕ್ಕಳನ್ನು ಬಿಟ್ಟು ಸ್ವರ್ಗದ ಊರಿಗೆ ಓಡುತ್ತಾನೆ. ಮಿಷನರಿಗಳು 19ನೇ ಶತಮಾನದಲ್ಲೇ ಇದನ್ನು 'ಯಾತ್ರಿಕನ ಸಂಚಾರ'ವೆಂದು ಕನ್ನಡಕ್ಕೆ ತಂದಿದ್ದರು. ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಮುಂದಿನ ಭಾಗವನ್ನು ಬೇರೆಯವರೇ ಬರೆದು ಮಾರತೊಡಗಿದರು. ಕಡೆಗೆ 1684ರಲ್ಲಿ ಬನ್ಯನ್ನನೇ ಎರಡನೆಯ ಭಾಗ ಬರೆದ. ಅದರಲ್ಲಿ ಮನೆಯಲ್ಲಿ ಉಳಿದಿದ್ದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾಳೆ.

ನಮ್ಮಲ್ಲಿ ಈ ಮನೆಯಲ್ಲುಳಿದವರ ಪರವಾಗಿ ಬರೆದವರು ಕೋಟದ ಶಿವರಾಮ ಕಾರಂತರು. ಸ್ವತಃ ದೊಡ್ಡ ತಿರುಗಾಟಗಾರರು. 'ಅಬುವಿನಿಂದ ಬರಾಮಕ್ಕೆ', 'ಅಪೂರ್ವ ಪಶ್ಚಿಮ' ಅವರ ಪ್ರವಾಸದ ಪುಸ್ತಕಗಳು. ಆದರೆ 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಅವರು ಸೃಷ್ಟಿಸಿದ ಅಜ್ಜಿ ಎಲ್ಲಿಗೂ ಹೋಗುವವಳಲ್ಲ. ಕೊಲ್ಲೂರಿನ ಮೂಕಾಂಬಿಕೆಯ ಹೆಸರಿಟ್ಟುಕೊಂಡ ಬಾಲವಿಧವೆ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ವಸ್ತುಗಳನ್ನು ಮುಟ್ಟಿದರೆ ಸಾವಿರಾರು ವರ್ಷ ಹಿಂದಿನದು ಅವಳಿಗೆ ಕಾಣುತ್ತದೆ. ಕೂತಲ್ಲೇ ಕಾಲದೊಳಗೆ ಹೋಗಿ ಬರುವ ಅವಳು, ಓಡಾಡಿ ಬಂದವರ ನಂಬಿಕೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿಡುತ್ತಾಳೆ. 1977ರಲ್ಲಿ ಜ್ಞಾನಪೀಠ ತಂದ ಈ ಕಾದಂಬರಿಯನ್ನು ವಿಮರ್ಶಕರು ಹಲವು ಬಗೆಯಲ್ಲಿ ಓದಿದ್ದಾರೆ. ನನಗೆ ಮೂಕಜ್ಜಿ ಒಬ್ಬ ಓದುಗಳಾಗಿ ಕಾಣುತ್ತಾಳೆ. ಯಾತ್ರೆ ಮುಗಿಸಿ ಬಂದವನನ್ನು ಜಗಲಿಯಲ್ಲಿ ಕೂರಿಸಿ, ಅದೆಲ್ಲ ಸೈ ಎಂದು ಶುರುಮಾಡುವವಳು.

ಕನ್ನಡದ ಹೊಸ ಪ್ರವಾಸ ಸಾಹಿತ್ಯದಲ್ಲಿ ಯಾತ್ರೆಯ ಅರ್ಥವೇ ಬದಲಾಗಿದೆ. 1920ರ ದಶಕದಲ್ಲೇ ವಿ. ಸೀತಾರಾಮಯ್ಯನವರು 'ಪಂಪಾಯಾತ್ರೆ' ಎಂದು ಹೆಸರಿಟ್ಟು ಬರೆದದ್ದು ಹಾಳು ಹಂಪೆಯನ್ನು ನೋಡಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಜನ ಅದನ್ನು ಮೆಚ್ಚಿದ್ದು ಅಮೆರಿಕಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಹೋಗಿಯೂ ಬದಲಾಗದ ಗೊರೂರರಿಗಾಗಿ. ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿದ ಹೆಣ್ಣುಮಕ್ಕಳಲ್ಲಿ ಪೆರುವಿಗಿಂತ, ಹೆಂಗಸರೂ ಹೀಗೆ ಹೊರಡಬಹುದಲ್ಲ ಎಂಬ ಮಾತು ಹೆಚ್ಚಾಗಿ ಕೇಳಿದ್ದೇನೆ.

ಪತ್ರಿಕಾ ಕಚೇರಿಯಲ್ಲಿ ಕುಳಿತವರಿಗೆ ಇದರ ರುಚಿ ಚೆನ್ನಾಗಿ ಗೊತ್ತು. ಯಾತ್ರೆಯ ಲೇಖನ ಅಚ್ಚಾದ ವಾರ ಪತ್ರಗಳು ಬರುತ್ತವೆ. ಬಸ್ಸು ಎಷ್ಟು ಗಂಟೆಗೆ, ಉಳಿಯಲು ಏನು ವ್ಯವಸ್ಥೆ ಎಂದು ಕೇಳುವವರೇ ಹೆಚ್ಚು. ಲೇಖಕರು ಅಲ್ಲಿಗೆ ಹೋಗಿಯೇ ಇಲ್ಲವೆಂದು ಸಾಧಿಸುವವರೂ ಇರುತ್ತಾರೆ. ಗುಡಿಯ ಬಾಗಿಲು ಯಾವ ದಿಕ್ಕಿಗಿದೆ ಎಂಬಷ್ಟರಿಂದಲೇ ಅವರು ಹಿಡಿದುಬಿಡುತ್ತಾರೆ. ಉಳಿದವು ದೀರ್ಘ ಪತ್ರಗಳು. ಲೇಖನದ ಬಗ್ಗೆ ಎರಡು ಸಾಲು, ಆಮೇಲೆ ತಾವು ತಾಯಿಯನ್ನು ಕರೆದುಕೊಂಡು ಹೋದದ್ದು, ಕರೆದುಕೊಂಡು ಹೋಗಬೇಕೆಂದಿದ್ದು ಆಗದೇ ಹೋದದ್ದು. ಇವನ್ನು ಅಚ್ಚು ಹಾಕಲು ಜಾಗವಿರುವುದಿಲ್ಲ. ಎಸೆಯಲು ಮನಸ್ಸೂ ಬರುವುದಿಲ್ಲ.

ಕೊಲ್ಲೂರಿನ ಮಟ್ಟಿಗೆ ಇಂಥ ಓದುಗರ ದೊಡ್ಡ ಸಮುದಾಯ ಇರುವುದು ಕೇರಳದಲ್ಲಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಎಂ.ಟಿ. ವಾಸುದೇವನ್ ನಾಯರ್ ಅವರ 'ವಾನಪ್ರಸ್ಥಂ' ಕಥೆಯಲ್ಲಿ ನಿವೃತ್ತ ಮೇಷ್ಟ್ರೂ ಹಳೆಯ ವಿದ್ಯಾರ್ಥಿನಿಯೂ ಎಷ್ಟೋ ವರ್ಷಗಳ ಮೇಲೆ ಕೊಲ್ಲೂರಿನಲ್ಲಿ ಭೇಟಿಯಾಗುತ್ತಾರೆ. 2001ರಲ್ಲಿ ಅದು 'ತೀರ್ಥಾಟನಂ' ಎಂಬ ಚಲನಚಿತ್ರವಾಯಿತು. ನಾವುಂದದಲ್ಲಿ ಚಹಾಕ್ಕಿಳಿಯುವ ಮಲಯಾಳಿ ಯಾತ್ರಿಕರಲ್ಲಿ ಹಲವರು ಮನಸ್ಸಿನಲ್ಲಿ ಇಂಥ ಕೊಲ್ಲೂರೊಂದನ್ನು ಹೊತ್ತುಕೊಂಡೇ ಬಂದಿರುತ್ತಾರೆ. ಅವರಿಗೆ ದಾರಿ ತೋರಿಸುವ ನಮ್ಮವರಿಗೆ ಆ ಕಥೆ ಗೊತ್ತಿರುವುದಿಲ್ಲ. ಅವರಿಗೂ ನಮ್ಮ ಮೂಕಜ್ಜಿ ಗೊತ್ತಿರಲಾರಳು.

ಇನ್ನೊಂದು ವಿಷಯವೂ ಅವರಿಗೆ ಗೊತ್ತಿರುವುದಿಲ್ಲ. ಕೊಲ್ಲೂರಿನಲ್ಲಿ ಅವರು ಮೀಯುವ ಸೌಪರ್ಣಿಕೆ ಯಾತ್ರೆಯ ಪುಸ್ತಕಗಳಲ್ಲಿ ಸ್ನಾನಘಟ್ಟದಲ್ಲಿಯೇ ನಿಂತುಬಿಡುತ್ತದೆ. ನಿಜವಾದ ಹೊಳೆ ಅಲ್ಲಿ ನಿಲ್ಲುವುದಿಲ್ಲ. ಕೆಳಗಿಳಿದು, ಸುತ್ತಿ ಬಳಸಿ, ಮರವಂತೆಯ ಬೆನ್ನಿಗೆ ಬಂದು, ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಆಷಾಢದ ದೊಡ್ಡ ಮಳೆಗೆ ಉಕ್ಕಿ ನಾವುಂದದ ತಗ್ಗಿನ ಗದ್ದೆ, ಅಂಗಳಗಳಿಗೆ ನುಗ್ಗುತ್ತದೆ. ಆಗ ಅಲ್ಲಿಯವರು ಮನೆಯಿಂದ ಹೊರಬರಲು ದೋಣಿ ಬೇಕು. ಯಾತ್ರೆಯ ಬಗ್ಗೆ ಬರೆಯುವವರು ಆ ಕಾಲದಲ್ಲಿ ಬರುವುದಿಲ್ಲ.

ಅಜ್ಜಿ ಕಾಶಿಗೆ ಹೋಗಲಿಲ್ಲ. ಆ ಪುಸ್ತಕ ಮಾತ್ರ ಒಮ್ಮೆ ಹೋಗಿ ಬಂದಿದೆ. ನೆರೆಮನೆಯವರು ಯಾತ್ರೆಗೆ ಹೊರಟಾಗ ಕೇಳಿ ತೆಗೆದುಕೊಂಡು ಹೋಗಿದ್ದರು. ಹೊದಿಕೆ ಹರಿದು ವಾಪಸು ಬಂತು. ಗಯೆಯ ವರ್ಣನೆಯಿರುವ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಈಗಲೂ ಮಾಸಿಲ್ಲ: "ಇಲ್ಲಿ ಊಟ ಸಿಗಲಿಲ್ಲ. ತಂದ ಅವಲಕ್ಕಿ."